ಹಳಬರ ಪಗಾರ, ಹೊಸಬರ ಪಗಾರ

ರಾಯಚೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತೇನೆ. ಜೊತೆಗೆ ಪ್ಲೇಸ್‌ಮೆಂಟ್ ಕೆಲಸವನ್ನೂ ನನ್ನ ತಲೆಗೇ ಕಟ್ಟಿದ್ದಾರೆ. ಈ ಎರಡನೆಯ ಕೆಲಸದಿಂದ ಆದ ವಿಚಿತ್ರ ಲಾಭವೆಂದರೆ ಬೇರೆಯವರ ಸಂಬಳ ನನಗೆ ಗೊತ್ತಾಗುವುದು. ಹುಡುಗರು ಆಫರ್ ಲೆಟರ್ ಬಂದ ದಿನ ತಂದು ತೋರಿಸುತ್ತಾರೆ. ಐದಾರು ವರ್ಷದ ಮೇಲೆ, ಕಂಪನಿ ಬಿಡಲೋ ಬೇಡವೋ ಎಂದು ಕೇಳಲು ಫೋನ್ ಮಾಡಿದಾಗ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಹೇಳುತ್ತಾರೆ. ಮನೆಯಲ್ಲಿ ಅಪ್ಪನಿಗೂ ಹೇಳದ ಅಂಕಿಗಳು ಅವು.

ಅವರಲ್ಲಿ ಇಬ್ಬರ ಲೆಕ್ಕ ಕೇಳಿ. ಒಬ್ಬಳು ಮಾನ್ವಿ ತಾಲ್ಲೂಕಿನವಳು, 2012ರಲ್ಲಿ ಪಾಸಾದವಳು. ವರ್ಷಕ್ಕೆ 3.25 ಲಕ್ಷದ ಮೇಲೆ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿ ಸೇರಿ ಅಲ್ಲೇ ನಿಂತಳು. ಇನ್ನೊಬ್ಬ ದೇವದುರ್ಗದವ, 2017ರ ಬ್ಯಾಚು. ಎರಡು ಕಂಪನಿ ದಾಟಿ 2022ರಲ್ಲಿ ಅವಳ ತಂಡಕ್ಕೇ ಬಂದ. ಒಂದೇ ಜಿಲ್ಲೆಯವರು, ಒಂದೇ ಕಾಲೇಜಿನವರು ಅಂತ ಅಕ್ಕ-ತಮ್ಮನ ಸಲಿಗೆ ಬೆಳೆಯಿತು. ಒಂದು ದಿನ ಅವನು ಪೇ ಸ್ಲಿಪ್ ಹಿಡಿದುಕೊಂಡು ಬಂದು, “ಅಕ್ಕಾ, ಟ್ಯಾಕ್ಸ್ ಭಾಳ ಕಟ್ ಆಗ್ಯಾದ, ಹಳೆ ರಿಜೀಮ್ ಹಾಕ್ಲೋ ಹೊಸಾದು ಹಾಕ್ಲೋ?” ಎಂದು ಕೇಳಿದ. ಅವಳು ತೆರಿಗೆಯ ಸಾಲು ನೋಡುವ ಮೊದಲು ಮೇಲಿನ ಸಾಲು ನೋಡಿದಳು. ಹತ್ತು ವರ್ಷ ಸರ್ವಿಸ್ ಮಾಡಿದ ಅವಳಿಗೆ ವರ್ಷಕ್ಕೆ ಏಳೂಮುಕ್ಕಾಲು ಲಕ್ಷ. ಐದು ವರ್ಷದ ಅವನಿಗೆ ಹದಿಮೂರು. ಅವನಿಗೆ ಕೆಲಸ ಕಲಿಸುವ ಜವಾಬ್ದಾರಿ ಅವಳ ಮೇಲೇ ಇತ್ತು.

ಆ ರಾತ್ರಿ ನನಗೆ ಫೋನ್ ಮಾಡಿದಳು. “ಸರ್, ನನ್ನ ಕೆಲಸದಾಗ ಏನರ ಕಮ್ಮಿ ಅದ ಏನ್ರಿ?”

ಅವಳ ಕೆಲಸದಲ್ಲಿ ಕಮ್ಮಿ ಇರಲಿಲ್ಲ. ಆ ಕಂಪನಿಯಲ್ಲಿ, ಅಂಥ ಬಹುಪಾಲು ಕಂಪನಿಗಳಲ್ಲಿ, ಸಂಬಳ ಎರಡು ಬೇರೆ ಬೇರೆ ಗಂಟಿನಿಂದ ಬರುತ್ತದೆ. ಇದ್ದವರ ಇನ್‌ಕ್ರಿಮೆಂಟಿಗೆ ಒಂದು ಗಂಟು. ಈ ವರ್ಷ ಒಟ್ಟು ಸಂಬಳದ ಶೇ 8 ಎಂದೋ ಶೇ 7 ಎಂದೋ ಮೇಲಿನವರು ಕಟ್ಟಿ ಕೊಡುತ್ತಾರೆ, ಮ್ಯಾನೇಜರ್ ಅದನ್ನೇ ತಂಡದಲ್ಲಿ ಹಂಚಬೇಕು. ಒಬ್ಬರಿಗೆ ಹದಿನೈದು ಕೊಟ್ಟರೆ ಇನ್ನಿಬ್ಬರಿಗೆ ನಾಲ್ಕೈದು. ಹೊಸ ನೇಮಕಾತಿಗೆ ಇನ್ನೊಂದು ಗಂಟು, ಅದನ್ನು ಅಳೆಯುವ ಕೋಲೇ ಬೇರೆ. ಅಮೆರಿಕದ ಗಿರಾಕಿ ‘ಐದು ವರ್ಷ ಅನುಭವದ ಜಾವಾ ಬಲ್ಲವರು ಬೇಕು’ ಎಂದು ಗಂಟೆಗಿಷ್ಟು ಡಾಲರ್ ಕೊಡಲು ಒಪ್ಪಿರುತ್ತಾನೆ. ಆ ಕುರ್ಚಿ ಖಾಲಿ ಇದ್ದಷ್ಟು ದಿನ ಕಂಪನಿಗೆ ಆ ದುಡ್ಡು ಬರುವುದಿಲ್ಲ. ಹಾಗಾಗಿ ಆ ವಾರ ಪೇಟೆಯಲ್ಲಿ ಏನು ದರ ನಡೆದಿದೆಯೋ ಅದನ್ನು ಕೊಟ್ಟು ಜನರನ್ನು ತರುತ್ತಾರೆ. ಮಾನ್ವಿಯ ಹುಡುಗಿಯ ಸಂಬಳವನ್ನು ಅವಳದೇ ಹೋದ ವರ್ಷದ ಸಂಬಳದ ಜೊತೆ ಹೋಲಿಸಿದರು, ದೇವದುರ್ಗದ ಹುಡುಗನದನ್ನು ಪೇಟೆಯ ಜೊತೆ.

ನಮ್ಮ ಕಡೆಯವರಿಗೆ ಇದು ಹೊಸ ಸಂಗತಿಯೇನಲ್ಲ. ಯುಗಾದಿಗೆ ಲೆಕ್ಕ ಮಾಡಿ ವರ್ಷದ ಸಂಬಳಕ್ಕೆ ನಿಂತ ಆಳಿನ ಪಗಾರ ಅಲ್ಲಿಗೇ ನಿಲ್ಲುತ್ತದೆ. ಹತ್ತಿ ಬಿಡಿಸುವ ಕಾಲಕ್ಕೆ ಹೊರಗಿನಿಂದ ಬಂದವರ ಕೂಲಿ ಮಾತ್ರ ಆ ವಾರದ ಅವಸರ ನೋಡಿ ಏರುತ್ತದೆ. ಹೊಲದ ಬದು, ಬಾವಿ, ದನ ಎಲ್ಲಾ ಗೊತ್ತಿದ್ದವನು ಮೊದಲಿನವನೇ.

ಶೇಕಡಾವಾರು ಚಿಕ್ಕದಾಗಿ ಕಂಡರೂ ಹತ್ತು ವರ್ಷದಲ್ಲಿ ಅದು ಮಾಡುವ ಕೆಲಸ ದೊಡ್ಡದು. ಕರಿಹಲಗೆಯ ಮೇಲೆ ಹುಡುಗರಿಗೆ ಈ ಲೆಕ್ಕ ಬಿಡಿಸಿ ತೋರಿಸುತ್ತೇನೆ. 3.25 ಲಕ್ಷಕ್ಕೆ ಸೇರಿದವರು ವರ್ಷಕ್ಕೆ ಶೇ 8ರಂತೆ ಹತ್ತು ಸಲ ಏರಿಕೆ ಪಡೆದರೆ ಸುಮಾರು 7 ಲಕ್ಷಕ್ಕೆ ಬರುತ್ತಾರೆ. ಅದೇ 3.25 ಲಕ್ಷದವರು ಏಳು ಸಲ ಶೇ 8 ಪಡೆದು, ಉಳಿದ ಮೂರು ಸಲ ಕಂಪನಿ ಬದಲಿಸಿ ಶೇ 40 ಪಡೆದರೆ 15 ಲಕ್ಷ ದಾಟುತ್ತಾರೆ. ಬುದ್ಧಿ ಒಂದೇ, ದುಡಿಮೆ ಒಂದೇ, ಸಂಬಳ ದುಪ್ಪಟ್ಟಿಗಿಂತ ಹೆಚ್ಚು.

ಹಾಗಾದರೆ ಇಷ್ಟು ದಿನ ದುಡಿದವರಿಗೂ ಪೇಟೆಯ ದರವನ್ನೇ ಕಂಪನಿ ಏಕೆ ಕೊಡಬಾರದು? ಇಲ್ಲೂ ಲೆಕ್ಕವೇ ಉತ್ತರ. ನೂರು ಜನರ ತಂಡದಲ್ಲಿ ಇಪ್ಪತ್ತು ಮಂದಿ ಬಿಟ್ಟರು ಅನ್ನಿ. ಆ ಜಾಗಕ್ಕೆ ಬಂದ ಇಪ್ಪತ್ತು ಮಂದಿಗೆ ತಲಾ ನಾಲ್ಕು ಲಕ್ಷ ಹೆಚ್ಚು ಕೊಟ್ಟರೆ ಖರ್ಚು 80 ಲಕ್ಷ. ಉಳಿದ ಎಂಬತ್ತು ಮಂದಿಗೂ ಅದೇ ಏರಿಕೆ ಕೊಟ್ಟರೆ ಇನ್ನೂ 3.2 ಕೋಟಿ. ಎಂಬತ್ತರಲ್ಲಿ ಬಹಳಷ್ಟು ಜನ ಹೇಗೂ ಬಿಡುವುದಿಲ್ಲ ಎಂಬುದು ಕಂಪನಿಗೆ ಅನುಭವದಿಂದ ಗೊತ್ತು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಇಂಥ ಯಜಮಾನರ ಬಗ್ಗೆ 1933ರಲ್ಲೇ ಬರೆದಿದ್ದರು. ಹೊಸ ಆಳೊಬ್ಬನನ್ನು ಹೆಚ್ಚು ಕೂಲಿಗೆ ತಂದರೆ ಇದ್ದವರೆಲ್ಲರಿಗೂ ಏರಿಸಬೇಕಾಗುತ್ತದೆ ಅನ್ನುವಾಗ ಯಜಮಾನ ಕೂಲಿಯನ್ನೇ ಏರದಂತೆ ಹಿಡಿದಿಡುತ್ತಾನೆ. ಐಟಿ ಕಂಪನಿಗಳು ಇದಕ್ಕೊಂದು ಸಂದು ಕಂಡುಕೊಂಡಿವೆ. ಸಂಬಳವನ್ನು ಗುಟ್ಟಾಗಿಟ್ಟರೆ ಹೊಸಬನಿಗಷ್ಟೇ ಏರಿಸಿದರೆ ಸಾಕು. ಆಫರ್ ಲೆಟರಿನಲ್ಲಿ ‘ನಿಮ್ಮ ವೇತನವನ್ನು ಯಾರೊಂದಿಗೂ ಚರ್ಚಿಸಬಾರದು’ ಎಂಬ ಸಾಲು ಸುಮ್ಮನೆ ಕೂತಿಲ್ಲ. ದೇವದುರ್ಗದ ಹುಡುಗ ತೆರಿಗೆ ಲೆಕ್ಕ ಕೇಳಲು ಹೋಗಿ ಆ ಸಾಲನ್ನು ಮುರಿದ.

ಒಂದು ಮಾತನ್ನು ಇಲ್ಲೇ ಸರಿಪಡಿಸಬೇಕು. ‘ಹೊಸಬರಿಗೆ ಹೆಚ್ಚು’ ಅನ್ನುವಾಗ ಕಾಲೇಜಿನಿಂದ ನೇರ ಹೋದ ಫ್ರೆಶರ್‌ಗಳು ಲೆಕ್ಕಕ್ಕಿಲ್ಲ. ಅವರ ಪಾಡು ಇನ್ನೂ ಕಷ್ಟ. 2012ರಲ್ಲಿ ನನ್ನ ವಿದ್ಯಾರ್ಥಿಗಳಿಗೆ ಬಂದದ್ದು 3.25 ಲಕ್ಷ. ಹನ್ನೆರಡು ವರ್ಷದ ಮೇಲೂ ದೊಡ್ಡ ಕಂಪನಿಗಳ ಸಾಮಾನ್ಯ ಆಫರ್ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಇತ್ತು. ಟಿಸಿಎಸ್‌ನ ‘ನಿಂಜಾ’ ಹುದ್ದೆಗೆ 3.36 ಲಕ್ಷ ಎಂಬುದು ನಮ್ಮ ಹುಡುಗರಿಗೆ ಬಾಯಿಪಾಠ. ಈ ನಡುವೆ ದೇಶದ ಗ್ರಾಹಕ ಬೆಲೆ ಸೂಚ್ಯಂಕ 2012ರಲ್ಲಿ 100 ಇದ್ದದ್ದು 2024ರಲ್ಲಿ 190ರ ಹತ್ತಿರ ಬಂದಿತ್ತು. ಅಂದರೆ ಅಂದಿನ 3.25 ಲಕ್ಷಕ್ಕೆ ಸಮನಾಗಲು ಇಂದು ಆರು ಲಕ್ಷ ಬೇಕು. ಇನ್ಫೊಸಿಸ್‌ನ ಮಾಜಿ ಹಣಕಾಸು ಮುಖ್ಯಸ್ಥ ಟಿ.ವಿ. ಮೋಹನದಾಸ್ ಪೈ ಅವರೇ ಈ ಬಗ್ಗೆ ಬಹಿರಂಗವಾಗಿ ದೂರಿದ್ದಾರೆ. ಫ್ರೆಶರ್‌ಗಳ ಸಂಬಳ ಏರದಂತೆ ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ ಎಂದವರೂ ಅವರೇ. 2024ರಲ್ಲಿ ಕಾಗ್ನಿಜಂಟ್ ಕಂಪನಿ ಮೂರು ವರ್ಷದ ಪದವೀಧರರಿಗೆ 2.52 ಲಕ್ಷ ಕೊಡಲು ಹೊರಟಾಗ ದೇಶವೆಲ್ಲಾ ನಕ್ಕಿತು. ಇಂಜಿನಿಯರುಗಳಿಗೆ 4 ಲಕ್ಷದಿಂದ ಮೇಲೆ ಕೊಡುತ್ತೇವೆಂದು ಕಂಪನಿ ಸಮಜಾಯಿಷಿ ಕೊಟ್ಟಿತು.

ಹೆಚ್ಚು ಸಿಗುವುದು ಒಂದು ಕಡೆ ಮೂರು, ಐದು, ಎಂಟು ವರ್ಷ ಪಳಗಿ ಇನ್ನೊಂದು ಕಡೆ ಹೋಗುವ ‘ಲ್ಯಾಟರಲ್’ಗಳಿಗೆ. ಅಲ್ಲೇ ಉಳಿದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಕೆಳಗೆ ಅಗ್ಗದ ಫ್ರೆಶರ್, ಪಕ್ಕದಲ್ಲಿ ದುಬಾರಿ ಲ್ಯಾಟರಲ್.

2021 ಮತ್ತು 2022ರಲ್ಲಿ ಈ ಅಂತರ ಒಮ್ಮೆಲೇ ಬಾಯಿ ಬಿಟ್ಟಿತು. ಕೋವಿಡ್ ಕಾಲಕ್ಕೆ ನಮ್ಮ ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ದೇವದುರ್ಗ ತಾಲ್ಲೂಕಿನಲ್ಲಿ ನೆಟ್‌ವರ್ಕ್ ಹುಡುಕುತ್ತಾ ಮಾಳಿಗೆ ಹತ್ತಿ ಕೂತು ಪುಣೆಯ ಕಂಪನಿಗೆ ಇಂಟರ್‌ವ್ಯೂ ಕೊಟ್ಟವರನ್ನು ನಾನು ಬಲ್ಲೆ. ಮೊದಲಾದರೆ ಕಂಪನಿ ಬದಲಿಸುವುದೆಂದರೆ ಮನೆ ಬಾಡಿಗೆ, ಅಡ್ವಾನ್ಸ್, ಊರು ಎಲ್ಲಾ ಬದಲಿಸಬೇಕಿತ್ತು. ಆಗ ಲಾಗಿನ್ ಬದಲಿಸಿದರೆ ಸಾಕಾಯಿತು. ಜಗತ್ತಿನ ಕಂಪನಿಗಳೆಲ್ಲಾ ಏಕಕಾಲಕ್ಕೆ ಆನ್‌ಲೈನ್‌ಗೆ ಹೊರಟಿದ್ದರಿಂದ ಜನ ಸಿಗುತ್ತಿರಲಿಲ್ಲ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೊಸಿಸ್‌ನಲ್ಲಿ ಬಿಟ್ಟುಹೋಗುವವರ ಪ್ರಮಾಣ ಶೇ 28.4 ಮುಟ್ಟಿತ್ತು. ನೂರಕ್ಕೆ ಇಪ್ಪತ್ತೆಂಟು! ಅವರ ಜಾಗ ತುಂಬಲು ಕೇಳಿದಷ್ಟು ಕೊಟ್ಟರು. ನಮ್ಮ ದೇವದುರ್ಗದವ ಹದಿಮೂರು ಲಕ್ಷ ಮುಟ್ಟಿದ್ದು ಆ ಗಾಳಿಯಲ್ಲಿ.

ಗಾಳಿ ನಿಂತ ಮೇಲಿನ ಕಥೆ ಬೇರೆ. 2023ರ ಫೆಬ್ರವರಿಯಲ್ಲಿ ವಿಪ್ರೊ, 6.5 ಲಕ್ಷದ ಆಫರ್ ಹಿಡಿದು ಕಾದಿದ್ದ ಫ್ರೆಶರ್‌ಗಳಿಗೆ 3.5 ಲಕ್ಷಕ್ಕೆ ಬರುತ್ತೀರಾ ಎಂದು ಕೇಳಿತು. ಕಾದು ಬೇಸತ್ತಿದ್ದ ಬಹಳಷ್ಟು ಮಕ್ಕಳು ಒಪ್ಪಿದರು. 2025ರಲ್ಲಿ ಟಿಸಿಎಸ್ ಸುಮಾರು ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ತೆಗೆಯುವುದಾಗಿ ಹೇಳಿತು. ಪೆಟ್ಟು ಹೆಚ್ಚಾಗಿ ಬಿದ್ದದ್ದು ಮಧ್ಯಮ ಮತ್ತು ಹಿರಿಯ ಹಂತದವರಿಗೆ. ಸರ್ವಿಸ್ ಹೆಚ್ಚಿದ್ದಷ್ಟೂ ನೌಕರಿ ಗಟ್ಟಿ ಎಂಬ ನಂಬಿಕೆ ಹಳಬರಿಗೆ ಸಮಾಧಾನ ಕೊಡುತ್ತಿತ್ತು, ಅದಕ್ಕೂ ಬಿರುಕು ಬಿತ್ತು.

ನಮ್ಮ ಜಿಲ್ಲೆಯ ಮಕ್ಕಳಿಗೆ ಆ ನಂಬಿಕೆ ಎಲ್ಲಿಂದ ಬಂತು ಎಂದು ನೋಡಲು ದೂರ ಹೋಗಬೇಕಿಲ್ಲ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ 1985ರಲ್ಲಿ ಮೊದಲ ಘಟಕದಿಂದ ಶುರುವಾಗಿ ಈಗ ಎಂಟು ಘಟಕ, 1,720 ಮೆಗಾವಾಟ್‌ಗೆ ಬೆಳೆದಿದೆ. ಅಲ್ಲಿ ಕಾಯಂ ನೌಕರ ಎಂದರೆ ವರ್ಷ ಕಳೆದಂತೆ ಪಗಾರ ಏರುವವ. ಅದೇ ಗೇಟಿನೊಳಗೆ ಹೋಗುವ ಗುತ್ತಿಗೆಯ ಹುಡುಗನಿಗೆ ಕಡಿಮೆ. ರಾಜ್ಯ ಸರ್ಕಾರಿ ನೌಕರಿಯಲ್ಲೂ ಹಾಗೆಯೇ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದವರಿಗೆ ಸಾಮಾನ್ಯವಾಗಿ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಎಂಬ ಹೊಸ ಪಿಂಚಣಿ. ಅಂದರೆ ಹೊಲದ ಕೂಲಿ ಬಿಟ್ಟರೆ ನಮ್ಮ ಸುತ್ತ ಕಾಣುವ ನೌಕರಿಗಳಲ್ಲೆಲ್ಲಾ ಹಳಬನೇ ಮೇಲು. ಸರ್ಕಾರದಲ್ಲಿ ಕಿರಿಯನ ಮೂಲವೇತನ ಹಿರಿಯನದನ್ನು ಮೀರಿದರೆ, ಕೆಲವು ಷರತ್ತಿಗೆ ಒಳಪಟ್ಟು, ಹಿರಿಯನದನ್ನು ಅದಕ್ಕೆ ಸರಿಗಟ್ಟುವ ನಿಯಮವೇ ಇದೆ. ಇಂಥ ಮನೆಗಳಿಂದ ಹೋದ ಮಗು ಬೆಂಗಳೂರಿನಲ್ಲೂ ಅದೇ ನಿಯಮ ನಡೆಯುತ್ತದೆಂದು ಕಾಯುತ್ತದೆ. “ಸರ್ವಿಸ್ ಆದಂಗ ಆಗ್ತದ ಬಿಡ್ರಿ” ಎಂದು ತಂದೆಯೂ ಹೇಳಿ ಕಳಿಸಿರುತ್ತಾನೆ.

ಕಾಯುವುದಕ್ಕೆ ಬೇರೆ ಕಾರಣಗಳೂ ಉಂಟು. ಸಂಬಳದಲ್ಲೇ ಶಿಕ್ಷಣ ಸಾಲದ ಕಂತು ಕಟ್ಟಬೇಕಿರುತ್ತದೆ. ಊರಲ್ಲಿ ತಂಗಿಯ ಮದುವೆ ಇರುತ್ತದೆ. ಆರು ತಿಂಗಳು ಸಂಬಳ ನಿಂತರೆ ಆಧಾರಕ್ಕೆ ಮನೆಯಲ್ಲಿ ಏನೂ ಇಲ್ಲ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ವರದಿ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ದೇವದುರ್ಗವನ್ನು ತೀರಾ ಕೆಳಗೆ ಇಟ್ಟಿತ್ತು. ಅಲ್ಲಿಂದ ಹೋದವನು ಕೈಯಲ್ಲಿದ್ದ ನೌಕರಿ ಬಿಡುವ ಧೈರ್ಯವನ್ನು ಬೆಂಗಳೂರಿನಲ್ಲೇ ಸ್ವಂತ ಮನೆ ಇರುವ ಹುಡುಗನಷ್ಟು ಸುಲಭವಾಗಿ ಮಾಡಲಾರ. ಹೆಣ್ಣುಮಕ್ಕಳದು ಇನ್ನೊಂದು ಸುತ್ತು. ನಮ್ಮ ಮಾನ್ವಿಯವಳು ಎರಡು ಸಲ ಇಂಟರ್‌ವ್ಯೂ ತಯಾರಿ ಶುರುಮಾಡಿದ್ದಳು. ಒಮ್ಮೆ ಮದುವೆ ಬಂತು, ಇನ್ನೊಮ್ಮೆ ಮಗು. ಹೆರಿಗೆ ರಜೆ ಮುಗಿಸಿ ಬಂದಾಗ ಗೊತ್ತಿರುವ ಮ್ಯಾನೇಜರ್ ಇರಲಿ ಅನ್ನಿಸಿ ಅಲ್ಲೇ ಉಳಿದಳು. ಅವಳದೇ ಬ್ಯಾಚಿನ, ಅಲ್ಲೇ ಉಳಿದ ಗಂಡು ಹುಡುಗನಿಗೂ ಅಷ್ಟೇ ಸಂಬಳ ಇದ್ದದ್ದರಿಂದ ಹೆಣ್ಣು ಅಂತ ಕಡಿಮೆ ಕೊಟ್ಟರು ಎನ್ನಲಾಗದು. ಆದರೆ ಉಳಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚಾದರೆ, ಉಳಿದವರಿಗೆ ಹಾಕುವ ದಂಡ ಹೆಚ್ಚಾಗಿ ಯಾರ ಮೇಲೆ ಬೀಳುತ್ತದೆ?

ಕಾನೂನು ಇಲ್ಲಿ ಹೆಚ್ಚು ದೂರ ಬರುವುದಿಲ್ಲ. 1976ರ ಸಮಾನ ವೇತನ ಕಾಯ್ದೆ ಗಂಡು-ಹೆಣ್ಣಿನ ತಾರತಮ್ಯದ ಬಗ್ಗೆ ಇದ್ದದ್ದು. 2025ರ ನವೆಂಬರ್ 21ರಿಂದ ಜಾರಿಯಾದ ವೇತನ ಸಂಹಿತೆ ಅದರ ಜಾಗಕ್ಕೆ ಬಂದಿದೆ, ತಾರತಮ್ಯದ ಮಟ್ಟಿಗೆ ಅದೂ ಲಿಂಗಭೇದವನ್ನಷ್ಟೇ ತಡೆಯುತ್ತದೆ. ಸಮಾನ ಕೆಲಸಕ್ಕೆ ಸಮಾನ ವೇತನ ಎಂದು ಸುಪ್ರೀಂ ಕೋರ್ಟ್ 1982ರಲ್ಲಿ, ಮತ್ತೆ 2016ರಲ್ಲಿ ಎತ್ತಿಹಿಡಿದದ್ದು ಸರ್ಕಾರಿ ನೌಕರರ ಪ್ರಕರಣಗಳಲ್ಲಿ. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ಕಾಲೇಜು ಸೀಟು, ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಕೊಟ್ಟಿತು, ಬೆಂಗಳೂರಿನ ಖಾಸಗಿ ಕಂಪನಿಯ ಪೇ ಸ್ಲಿಪ್ ಅದರ ವ್ಯಾಪ್ತಿಗೆ ಬರುವುದಿಲ್ಲ. ಹಿರಿಯನಿಗಿಂತ ಕಿರಿಯನಿಗೆ ಖಾಸಗಿ ಕಂಪನಿ ಹೆಚ್ಚು ಕೊಟ್ಟರೆ ಅದು ಅಪರಾಧವಲ್ಲ. ಕರ್ನಾಟಕದಲ್ಲಿ ಐಟಿ ನೌಕರರ ಸಂಘ ಕೆಐಟಿಯು ಇದೆ. ಅದರ ಹೋರಾಟ ಹೆಚ್ಚಾಗಿ ದುಡಿಮೆಯ ಅವಧಿ ಮತ್ತು ವಜಾಗಳ ಸುತ್ತ ನಡೆದಿದೆ.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅನ್ಯಾಯದ ಪ್ರಶ್ನೆ ‘ಈಗ ಎಷ್ಟು ಸಂಬಳ?’ ಎಂಬುದು. ಹೊಸ ಕಂಪನಿ ಕಳೆದ ಮೂರು ತಿಂಗಳ ಪೇ ಸ್ಲಿಪ್ ಕೇಳುತ್ತದೆ, ಅದರ ಮೇಲೆ ಸಾಮಾನ್ಯವಾಗಿ ಶೇ 30 ಸೇರಿಸಿ ಆಫರ್ ಮಾಡುತ್ತದೆ. ಹುದ್ದೆಯ ಬೆಲೆ ಎಷ್ಟಾದರೂ ಇರಲಿ, ಏಳು ಲಕ್ಷದವಳಿಗೆ ಒಂಬತ್ತು, ಹದಿಮೂರು ಲಕ್ಷದವನಿಗೆ ಹದಿನೇಳು. ಹೀಗೆ ಮೊದಲ ಆಫರಿನ ಅಂಕಿ ಜೀವನವಿಡೀ ಬೆನ್ನು ಬಿಡುವುದಿಲ್ಲ. ನಮ್ಮ ಊರಲ್ಲೇ 2019ರಲ್ಲಿ ಶುರುವಾದ ಐಐಐಟಿ ಇದೆ. ಜೆಇಇ ಬರೆದು ದೇಶದ ಎಲ್ಲೆಡೆಯಿಂದ ಮಕ್ಕಳು ಬರುತ್ತಾರೆ. ಅಲ್ಲಿಗೆ ಬರುವ ಕಂಪನಿಗಳೂ ನಮ್ಮಲ್ಲಿಗೆ ಬರುವ ಕಂಪನಿಗಳೂ ಬೇರೆ. ಒಂದೇ ಪರೀಕ್ಷೆ ಕೊಟ್ಟರೆ ನನ್ನ ಕೆಲವು ಹುಡುಗರು ಅವರ ಸಮಕ್ಕೆ ನಿಲ್ಲುತ್ತಾರೆ, ಆದರೆ ಆರಂಭದ ಅಂಕಿಯೇ ಕೆಳಗಿರುವುದರಿಂದ ಶೇ 30ರ ಏಣಿಯಲ್ಲಿ ಅವರು ಎಂದೂ ಜೊತೆಯಾಗುವುದಿಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ 2016ರಲ್ಲೇ ಹಳೆಯ ಸಂಬಳ ಕೇಳುವುದನ್ನು ನಿಷೇಧಿಸುವ ಕಾನೂನು ಮಾಡಿತು, ಆಮೇಲೆ ಕ್ಯಾಲಿಫೋರ್ನಿಯಾದಂಥ ರಾಜ್ಯಗಳೂ ಮಾಡಿದವು. ಯುರೋಪಿಯನ್ ಒಕ್ಕೂಟದ 2023ರ ನಿರ್ದೇಶನವೂ ಅದನ್ನೇ ಹೇಳುತ್ತದೆ. ನಮ್ಮ ಕಂಪನಿಗಳ ಗಿರಾಕಿಗಳು ಹೆಚ್ಚಾಗಿ ಇರುವುದು ಆ ದೇಶಗಳಲ್ಲೇ. ಅಲ್ಲಿ ಹಲವು ಕಡೆ ಕೇಳಲಾಗದ ಪ್ರಶ್ನೆಯನ್ನು ಇಲ್ಲಿ ಮೊದಲನೆಯದಾಗಿ ಕೇಳುತ್ತಾರೆ.

ಮಾನ್ವಿಯವಳು ಸುಮ್ಮನೆ ಕೂರಲಿಲ್ಲ. ತಾನು ನೋಡುತ್ತಿದ್ದ ಹಳೆಯ ಬ್ಯಾಂಕಿಂಗ್ ವ್ಯವಸ್ಥೆಯ ಒಳಹೊರಗು ಅವಳಷ್ಟು ಬಲ್ಲವರು ತಂಡದಲ್ಲಿ ಇರಲಿಲ್ಲ. ಕಷ್ಟ ಇದ್ದದ್ದೂ ಅಲ್ಲೇ. ಆ ವಿದ್ಯೆಗೆ ಆ ಕಂಪನಿ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಮಗು ಮಲಗಿದ ಮೇಲೆ ಕ್ಲೌಡ್ ಕಲಿತು, ಒಂದು ಸರ್ಟಿಫಿಕೇಟ್ ಪಡೆದು, ಹೊರಗೆ ಹನ್ನೆರಡೂವರೆ ಲಕ್ಷದ ಆಫರ್ ತಂದಳು. ರಾಜೀನಾಮೆ ಕೊಟ್ಟ ವಾರವೇ ಮ್ಯಾನೇಜರ್ ಕರೆದು ಹನ್ನೆರಡು ಕೊಡುತ್ತೇವೆ ಎಂದ. ಹತ್ತು ವರ್ಷ ಇಲ್ಲದ ದುಡ್ಡು ಐದು ದಿನದಲ್ಲಿ ಎಲ್ಲಿಂದ ಬಂತು ಎಂದು ಅವಳು ಕೇಳಿದಳಂತೆ. ನೇಮಕಾತಿಯ ಗಂಟಿನಿಂದ ಬಂತು. ಅವಳ ಬದಲು ಇನ್ನೊಬ್ಬರನ್ನು ತರಲು ಅಷ್ಟೇ ಖರ್ಚಾಗುತ್ತಿತ್ತು. ಉಳಿದಳು. ಮುಂದಿನ ಏಪ್ರಿಲ್‌ಗೆ ಏರಿಕೆ ಶೇ 3. “ಹೋದ ವರ್ಷ ಕರೆಕ್ಷನ್ ಕೊಟ್ಟೀವಲ್ಲ” ಎಂಬ ಉತ್ತರ. ಈಗ ಅವಳು ಬೆಂಗಳೂರಿನಲ್ಲಿ ವಿದೇಶಿ ಬ್ಯಾಂಕೊಂದರ ಸ್ವಂತ ಕಚೇರಿಯಲ್ಲಿದ್ದಾಳೆ. ಜಿಸಿಸಿ ಎಂದು ಕರೆಯುವ ಇಂಥ ಕಚೇರಿಗಳಿಗಾಗಿಯೇ ರಾಜ್ಯ ಸರ್ಕಾರ 2024ರಲ್ಲಿ ಪ್ರತ್ಯೇಕ ನೀತಿ ಪ್ರಕಟಿಸಿದೆ. ದೇವದುರ್ಗದವ ಹಳೆಯ ಕಂಪನಿಯಲ್ಲೇ ಇದ್ದಾನೆ. ಮೂರು ವರ್ಷದಲ್ಲಿ ಅವನ ಏರಿಕೆಯೂ ಶೇ 5ರ ಸುತ್ತ ನಿಂತಿದೆ. ಅವನೂ ಹಳಬನಾದ.

ಈಗ ಕೊನೆಯ ವರ್ಷದ ಮಕ್ಕಳಿಗೆ ಆಫರ್ ಲೆಟರ್ ಓದುವುದನ್ನು ಒಂದು ತರಗತಿಯಾಗಿಯೇ ಮಾಡುತ್ತೇನೆ. ಸಿಟಿಸಿ ಎಂಬ ದೊಡ್ಡ ಅಂಕಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಸಿಕ್ಕರೆ ಸಿಕ್ಕೀತು ಎಂಬ ವೇರಿಯಬಲ್ ಎಲ್ಲಾ ಅಡಗಿರುತ್ತದೆ. ಅದನ್ನೆಲ್ಲಾ ತೆಗೆದು ಕೈಗೆ ಬರುವುದು ಎಷ್ಟು ಎಂದು ನೋಡಿ ಅನ್ನುತ್ತೇನೆ. ನೋಟಿಸ್ ಅವಧಿ 90 ದಿನವಿದ್ದರೆ ಅದು ಸಂಬಳದಷ್ಟೇ ಮುಖ್ಯ, ಏಕೆಂದರೆ ಮೂರು ತಿಂಗಳು ಕಾಯಲು ಹೊಸ ಕಂಪನಿ ಹಿಂಜರಿಯುತ್ತದೆ. ಎರಡು ವರ್ಷಕ್ಕೊಮ್ಮೆ ಹೊರಗೆ ಇಂಟರ್‌ವ್ಯೂ ಕೊಟ್ಟು ಬನ್ನಿ, ಹೋಗದಿದ್ದರೂ ನಿಮ್ಮ ದರ ಗೊತ್ತಾಗುತ್ತದೆ. ಸಹೋದ್ಯೋಗಿಗಳ ಜೊತೆ ಸಂಬಳದ ಮಾತಾಡಿ. ಈ ಕೊನೆಯ ಸಲಹೆ ಕಂಪನಿಗಳ ಎಚ್‌ಆರ್‌ಗಳಿಗೆ ಹಿಡಿಸುವುದಿಲ್ಲ. ಕ್ಯಾಂಪಸ್‌ಗೆ ಬಂದ ಒಬ್ಬರು ಊಟದ ಹೊತ್ತಿಗೆ ನನ್ನನ್ನು ಬದಿಗೆ ಕರೆದು ಹೇಳಿಯೂ ಇದ್ದಾರೆ.

ಈ ಸಲ ಆಫರ್ ಬಂದ ಹುಡುಗನೊಬ್ಬನ ತಂದೆ ದೇವದುರ್ಗ ತಾಲ್ಲೂಕಿನಿಂದ ಬಸ್ಸು ಹತ್ತಿ ಕಾಲೇಜಿಗೇ ಬಂದಿದ್ದರು. “ಪರ್ಮನೆಂಟ್ ಏನ್ರಿ ಸರ್ ಇದು?” ಎಂದು ಕೇಳಿದರು. ಮೇಲಿನ ಲೆಕ್ಕವನ್ನೆಲ್ಲಾ ಹೇಳಿದೆ. ಹತ್ತು ವರ್ಷ ನಿಂತವಳದು, ಮೂರು ಕಂಪನಿ ಕಂಡವನದು. ಕೇಳಿಸಿಕೊಂಡು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಹಂಗಾದ್ರ ಎರಡು ವರ್ಷಕ್ಕ ಬಿಡಿಸಿಬಿಡೋಣೇನ್ರಿ?”

“ಮೊದಲು ಸೇರ್ಲಿ ಬಿಡ್ರಿ ಯಜಮಾನ್ರ. ಬಾಂಡ್ ಎಷ್ಟು ವರ್ಷದ್ದದ, ಮುರಿದ್ರ ಎಷ್ಟು ಕಟ್ಬೇಕು, ಮೂರನೇ ಪುಟದಾಗ ಅದ. ಅದನ್ನ ನೋಡೋಣ ಬರ್ರಿ.”